ಮಾತಿಗೆ ಮೀರಿದ್ದೆಂಬ ನೆಪ

ಸತ್ತವರು ಎಲ್ಲಿಗೆ ಹೋಗುತ್ತಾರೆಂದು ಹುಡುಗನೊಬ್ಬನು ತರಗತಿಯಲ್ಲಿ ಎದ್ದು ಕೇಳಿದರೆ, ‘ಅದೆಲ್ಲ ಮಾತಿಗೆ ಮೀರಿದ್ದು, ಕುಳಿತುಕೋ’ ಎಂಬುದೇ ಬಹುಮಟ್ಟಿಗೆ ಅವನಿಗೆ ದೊರೆಯುವ ಉತ್ತರ. ಇದನ್ನು ನಾವು ಒಪ್ಪಲಾರೆವು. ತಿಳಿಯದೆಂದು ಹೇಳಿದರೆ ನಮ್ಮ ತಕರಾರಿಲ್ಲ. ಅದು ಪ್ರಾಮಾಣಿಕವಾದ ನುಡಿ. ಮಾತಿಗೆ ಎಲ್ಲೆಯೇ ಇಲ್ಲವೆಂಬುದೂ ನಮ್ಮ ವಾದವಲ್ಲ. ಆದರೆ ಎಲ್ಲೆಯನ್ನು ತೋರಿಸುವವರು ಅಲ್ಲಿಯವರೆಗೆ ನಡೆದುಹೋಗಿ ತೋರಿಸಬೇಕೇ ಹೊರತು, ಜಗಲಿಯ ಮೇಲೆ ಕುಳಿತು ಕೈಬೀಸಿದರೆ ಸಾಲದು.

ಇಂಥ ಮೌನಕ್ಕೆ ಬುದ್ಧನನ್ನು ಸಾಕ್ಷಿಗೆ ಕರೆಯುವುದು ವಾಡಿಕೆ. ಲೋಕವು ಶಾಶ್ವತವೋ ಅಲ್ಲವೋ, ಅದಕ್ಕೆ ಕೊನೆಯುಂಟೋ ಇಲ್ಲವೋ, ಜೀವವೂ ದೇಹವೂ ಒಂದೋ ಬೇರೆಯೋ, ತಥಾಗತನು ಮರಣಾನಂತರ ಇರುವನೋ ಇಲ್ಲವೋ ಎಂಬಂಥ 10 ಪ್ರಶ್ನೆಗಳನ್ನು ಆತನು ಉತ್ತರಿಸದೆ ಬಿಟ್ಟದ್ದು ನಿಜ. ಹೇಗೆ ಬಿಟ್ಟನೆಂಬುದನ್ನು ಮಾತ್ರ ಇವರು ಹೇಳುವುದಿಲ್ಲ. ವಚ್ಛಗೋತ್ತನೆಂಬ ಪರಿವ್ರಾಜಕನು ಇದನ್ನೇ ಕೇಳಿ ಗೊಂದಲಕ್ಕೀಡಾದ ಪ್ರಸಂಗವು ಮಜ್ಝಿಮನಿಕಾಯದಲ್ಲಿದೆ. ಎದುರಿಗೆ ಉರಿಯುತ್ತಿದ್ದ ಬೆಂಕಿ ನಂದಿದರೆ ಅದು ಮೂಡಲಿಗೆ ಹೋಯಿತೋ ಪಡುವಲಿಗೋ ಎಂದು ಬುದ್ಧನು ಅವನನ್ನೇ ಕೇಳುತ್ತಾನೆ. ಕಟ್ಟಿಗೆ ತೀರಿತು, ಬೆಂಕಿ ಆರಿತು. ‘ಎತ್ತ’ ಎಂಬ ಪದವೇ ಅಲ್ಲಿ ಹೊಂದದು. ಪ್ರಶ್ನೆಯ ಬುಡದಲ್ಲಿಯೇ ಬಿರುಕಿದೆಯೆಂಬುದನ್ನು ಕೇಳಿದವನ ಬಾಯಿಂದಲೇ ಹೊರಡಿಸಿದ ಬಗೆಯಿದು. ಬಾಯಿ ಮುಚ್ಚಿಸುವುದಕ್ಕೂ ಇದಕ್ಕೂ ಏನು ಸಂಬಂಧ?

ಪಾಶ್ಚಾತ್ಯರಲ್ಲಿ ವಿಟ್‌ಗೆನ್‌ಸ್ಟೈನನ ಹೆಸರೆತ್ತುವವರೂ ಉಂಟು. 1921ರಲ್ಲಿ ಪ್ರಕಟವಾದ ಆತನ ‘ಟ್ರಾಕ್ಟೇಟಸ್’ ಮೌನದಲ್ಲಿ ಮುಗಿಯುತ್ತದೆಂದು ಅವರು ಬಲ್ಲರು. ಆ ಕೊನೆಯ ವಾಕ್ಯದ ಹಿಂದೆ ಇಡೀ ಗ್ರಂಥವೇ ಇದೆಯೆಂಬುದನ್ನು ಮರೆಯುವರು. ಆತನಾದರೂ ಅಲ್ಲಿಗೇ ನಿಲ್ಲಲಿಲ್ಲ. ನಿಧನಾನಂತರ 1953ರಲ್ಲಿ ಹೊರಬಂದ ಗ್ರಂಥದಲ್ಲಿ, ತನ್ನ ಹಿಂದಿನ ಮತವನ್ನೇ ಒರೆಗೆ ಹಚ್ಚಿ, ಪದದ ಅರ್ಥವನ್ನು ಅದರ ಬಳಕೆಯಲ್ಲಿ ಅರಸಿದನು.

ಇನ್ನೊಂದು ನೆಪ ಗಡಿಯೀಚೆಯ ನಮಗೆ ಹೆಚ್ಚು ನೋವಿನದು: ಇಂಥ ಗಹನವಾದುದನ್ನು ಕನ್ನಡದಲ್ಲಿ ಹೇಳಲಾಗದೆಂಬುದು. ಭಾಷೆಯ ಎಲ್ಲೆ ಬೇರೆ, ನಮ್ಮ ಸೋಮಾರಿತನದ ಎಲ್ಲೆ ಬೇರೆ. ಊರ ಹೊರಗಿನ ತೆರೆದ ನೆಲಕ್ಕೆ ರೈತನು ಹೇಳುವ ‘ಬಯಲು’ ಎಂಬ ಪದವನ್ನೇ 12ನೆಯ ಶತಮಾನದ ಅಲ್ಲಮನು ಪರತತ್ತ್ವಕ್ಕೆ ಬಳಸಿದನು. ‘ಶೂನ್ಯಸಂಪಾದನೆ’ಯಲ್ಲಿ, ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವ ಮುಕ್ತಾಯಿಯು ಆ ಅಲ್ಲಮನನ್ನೇ ಎದುರಿಸುತ್ತಾಳೆ, ಮಾತಿಗೆ ಜೋತುಬಿದ್ದವರಿಗೆ ಅರಿವೆಲ್ಲಿಯದೆಂದು ಆಕ್ಷೇಪಿಸುತ್ತಾಳೆ. ಅಲ್ಲಮನು ಸಿಟ್ಟಾಗುವುದಿಲ್ಲ, ಕುಳಿತುಕೋ ಎನ್ನುವುದಿಲ್ಲ. ಮಾತಿನ ಘನತೆಯನ್ನು ಮಾತಿನಿಂದಲೇ ಸಮರ್ಥಿಸುತ್ತಾನೆ. ಸಾವಿನ ಎದುರು ನಿಂತು ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಎತ್ತಿದ ಪ್ರಶ್ನೆಗೆ ಸಂದ ಮರ್ಯಾದೆ ಅದು.

ಇನ್ನೊಮ್ಮೆ ಆ ಹುಡುಗನು ಎದ್ದು ನಿಂತಾಗ, ಆರಿದ ಬೆಂಕಿ ಯಾವ ದಿಕ್ಕಿಗೆ ಹೋಯಿತೆಂದು ಉಪಾಧ್ಯಾಯ ಮಿತ್ರರು ಅವನನ್ನೇ ಕೇಳಲಿ. ಉಳಿದ ಹುಡುಗರೂ ಬಾಯಿ ಹಾಕುವರು. ಗಂಟೆ ಬಾರಿಸಿದ ಮೇಲೂ ಗದ್ದಲ ನಿಲ್ಲದಿದ್ದರೆ, ಮುಂದಿನ ಪಾಠದವರು ತುಸು ಹೊತ್ತು ಹೊರಗೆ ಕಾಯಲಿ.