ಮೀಟರ್ ಹನ್ನೆರಡು ತೋರಿಸ್ತಿತ್ತು, ಲೈಟ್ ಉರೀತಿರಲಿಲ್ಲ

ಕಳೆದ ದೀಪಾವಳಿಗೆ ಗೆಳೆಯನ ಮಾವನ ಹಳೇ ಕಾರಲ್ಲಿ ನಾವು ನಾಲ್ಕು ಜನ ಊರಿಗೆ ಹೊರಟಿದ್ವಿ. ಕತ್ತಲಾದ ಮೇಲೆ ಹಿಂದಿನಿಂದ ಒಂದೇ ಸಮ ಹಾರ್ನ್. ಲಾರಿ ಡ್ರೈವರ್ ಪಕ್ಕಕ್ಕೆ ಬಂದು ಕೂಗಿದ್ರು: "ಬಲಗಡೆ ಲೈಟೇ ಇಲ್ಲ ಕಣ್ರಪ್ಪಾ! ಎಡಕ್ಕೆ ಬೈಕ್ ಹೋಗ್ತಿದೆ ಅನ್ಕೊಂಡು ಗುದ್ದೇಬಿಡ್ತಿದ್ದೆ!"

ಎದೆ ಝಲ್ ಅಂತು. ಗಾಡಿ ಓಡಿಸೋನಿಗೆ ತನ್ನ ಟೈಲ್ ಲೈಟ್ ಕಾಣಲ್ಲ. ಅದು ಇರೋದೇ ಬೇರೆಯವರಿಗಾಗಿ.

ನಮ್ಮಲ್ಲಿ ಇಬ್ಬರು ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು. ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ಎಡಗಡೆ ಬಲ್ಬನ್ನೇ ಬಲಕ್ಕೆ ಹಾಕಿ ನೋಡಿದ್ವಿ, ಉರೀಲಿಲ್ಲ. ಫ್ಯೂಸ್ ಸರಿ ಇತ್ತು. ಅದೇ ಬಲ್ಬಿನ ಬ್ರೇಕ್ ಫಿಲಮೆಂಟ್ ಉರೀತಿತ್ತು, ಅಂದ್ರೆ ಅರ್ತ್ ಕೂಡ ಸರಿ. ಬಲ್ಬ್ ತೆಗೆದು ಹೋಲ್ಡರಿಗೆ ಮಲ್ಟಿಮೀಟರ್ ಇಟ್ರೆ ನೀಟಾಗಿ 12 ವೋಲ್ಟ್! ಅಲ್ಲಿಗೆ ನಮ್ಮ ವಿದ್ಯೆ ಮುಗೀತು.

ಪಕ್ಕದ ಗ್ಯಾರೇಜಿನ ಅಣ್ಣ ಬಂದ್ರು. "ಮೀಟರ್ ಪಕ್ಕಕ್ಕಿಡ್ರಪ್ಪ" ಅಂದು, ಎರಡು ವೈರ್ ಕಟ್ಟಿದ ಬಲ್ಬೊಂದನ್ನ ತೆಗೆದ್ರು. ಕನೆಕ್ಟರಿನ ಈಚೆ ಇಟ್ರೆ ಉರೀತು, ಆಚೆ ಇಟ್ರೆ ಇಲ್ಲ. ಬಿಚ್ಚಿದ್ರೆ ಪಿನ್ ತುಂಬ ಹಸಿರು ಕಿಲುಬು. ಉಜ್ಜಿ ಹಾಕಿದ್ರು, ಲೈಟ್ ಬಂತು.

ಆಮೇಲೆ ಲೆಕ್ಕ ಹಾಕಿದೆ. ಟೈಲ್ ಫಿಲಮೆಂಟ್ 5 ವ್ಯಾಟ್. ಅದಕ್ಕೆ ಸುಮಾರು 0.4 ಆಂಪಿಯರ್ ಬೇಕು. ಕಿಲುಬಿನ ರೋಧ 100 ಓಮ್ ಅಂತಿಟ್ಕೊಳ್ಳಿ, 0.12 ಆಂಪಿಯರ್ ಮೇಲೆ ಹರಿಯೋದೇ ಇಲ್ಲ. ಆದ್ರೆ ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್; ಅದರ ಮುಂದೆ 100 ಓಮ್ ಯಾವ ಲೆಕ್ಕ? ಹಾಗಾಗಿ ಪೂರಾ 12 ತೋರಿಸ್ತು. ಮೀಟರ್ ಸುಳ್ಳು ಹೇಳಲಿಲ್ಲ, ನಾವು ಲೋಡ್ ಇಲ್ಲದೆ ಕೇಳಿದ್ವಿ.

"ಕಾಲೇಜು ವೇಸ್ಟ್, ಮೆಕ್ಯಾನಿಕ್ಕೇ ನಿಜವಾದ ಎಂಜಿನಿಯರ್" ಅನ್ನೋ ರೀಲ್ಸ್ ಮಾತನ್ನ ನಾನು ಒಪ್ಪಲ್ಲ. ಅಣ್ಣ ಮಾಡಿದ್ದು ಯಾಕೆ ಸರಿ ಅಂತ ಗೊತ್ತಾಗಿದ್ದು ಓಮನ ನಿಯಮದಿಂದಲೇ. ಕೊರತೆ ಇರೋದು ಬೇರೆ ಕಡೆ. ಲ್ಯಾಬಲ್ಲಿ ನಮಗೆ ಯಾವಾಗಲೂ ಸರಿಯಿರೋ ಕಿಟ್ ಕೊಡ್ತಾರೆ. ರೀಡಿಂಗ್ ಬರದಿದ್ರೆ ಪಕ್ಕದ ಬ್ಯಾಚಿಂದ ಕಾಪಿ ಮಾಡ್ತೀವಿ. ಕೆಟ್ಟದ್ದನ್ನ ಹುಡುಕೋದು ಕಲಿಯೋದು ಯಾವಾಗ? ಸೆಮಿಸ್ಟರಿಗೆ ಒಂದು ಲ್ಯಾಬಲ್ಲಾದ್ರೂ ಬೇಕಂತಲೇ ಕೆಡಿಸಿದ ಸರ್ಕ್ಯೂಟ್ ಕೊಡಿ, ಕಾರಣ ಕಂಡುಹಿಡಿದವರಿಗೆ ಮಾರ್ಕ್ಸ್ ಕೊಡಿ ಅಂತ ನಮ್ಮ ಮೇಷ್ಟ್ರುಗಳಲ್ಲಿ ಕೇಳ್ಕೋತೀನಿ.

ಇನ್ನು ನಿಮ್ಮಲ್ಲಿ ಒಂದು ಮಾತು. ಬ್ರೇಕ್ ಒತ್ತಿದಾಗ ಟೈಲ್ ಲೈಟ್ ಆರಿದ್ರೆ ಮೊದಲು ಅರ್ತ್ ನೋಡಿ. ಫ್ಯೂಸ್ ಹೋದ್ರೆ ಅದೇ ಆಂಪಿಯರಿಂದು ಹಾಕಿ. ದೊಡ್ಡದು ಹಾಕಿದ್ರೆ ಸುಡೋದು ವೈರು. ಊರಿಗೆ ಹೊರಡೋ ಮುಂಚೆ ಒಬ್ಬ ಬ್ರೇಕ್ ಒತ್ತಲಿ, ಇನ್ನೊಬ್ಬ ಹಿಂದೆ ಹೋಗಿ ನೋಡಲಿ. ಅರ್ಧ ನಿಮಿಷದ ಕೆಲಸ. ಎಲ್ಲಾ ಲಾರಿಯವರೂ ಹಾರ್ನ್ ಹೊಡೆದು ಹೇಳಲ್ಲ.