ಸಿಂಹ ಲಾಂಛನದ ಮನೆ

ವಂಶ ಅಳಿದರೂ ಅದರ ಲಾಂಛನ ಉಳಿಯುವುದುಂಟು. ಹೆಸರಿಗೆ ಹತ್ತಿದ ಕಳಂಕ ಅದಕ್ಕಿಂತಲೂ ಗಟ್ಟಿ. ಸರ್ಬಿಯ ದೇಶದ ಬ್ರಾಂಕೋವಿಚ್ ಮನೆತನದ ಕಥೆಯೇ ಇದಕ್ಕೆ ಸಾಕ್ಷಿ.

1389ರಲ್ಲಿ ಕೊಸೊವೊ ಬಯಲಿನಲ್ಲಿ ತುರ್ಕರೊಡನೆ ಕಾದಿ ಸರ್ಬಿಯದ ದೊರೆ ಲಾಜಾರ್ ಮಡಿದನು. ಅವನ ಅಳಿಯ ವುಕ್ ಬ್ರಾಂಕೋವಿಚ್ ಬದುಕಿ ಬಂದನು. ಬದುಕಿದ್ದೇ ಅಪರಾಧವಾಯಿತು! ಮಾವನಿಗೆ ದ್ರೋಹ ಬಗೆದವನೆಂದು ಲಾವಣಿಗಳು ಹಾಡಿದವು. 1601ರಲ್ಲಿ ಮಾವ್ರೊ ಓರ್ಬಿನಿ ಎಂಬ ಸಂನ್ಯಾಸಿ ಅಚ್ಚು ಹಾಕಿಸಿದ ಇತಿಹಾಸ ಗ್ರಂಥವೂ ಅದನ್ನೇ ಹೇಳಿತು. ಆದರೆ ಆ ಕಾಲದ ದಾಖಲೆಗಳಲ್ಲಿ ಈ ದೂರೇ ಇಲ್ಲ. ತುರ್ಕರಿಗೆ ಕೆಲವು ವರ್ಷ ಮಣಿಯದೆ ನಿಂತ ವುಕ್, ನಾಡನ್ನು ಕಳೆದುಕೊಂಡು 1397ರಲ್ಲಿ ಅವರ ಸೆರೆಯಲ್ಲಿಯೇ ಸತ್ತನು. ದ್ರೋಹಿಗೆ ಸಿಕ್ಕುವ ಬಹುಮಾನವೇ ಇದು?

ವುಕ್‌ನ ಮಗ ಜುರಾಜ್ 1427ರಲ್ಲಿ ಪಟ್ಟಕ್ಕೆ ಬಂದು, ಡ್ಯಾನ್ಯೂಬ್ ನದಿಯ ದಡದಲ್ಲಿ ಸ್ಮೆದೆರೆವೊ ಕೋಟೆಯನ್ನು ಕಟ್ಟಿಸಿದನು. ಅಲ್ಲಿ ಟಂಕಿಸಿದ ಬೆಳ್ಳಿಯ ನಾಣ್ಯಗಳ ಒಂದು ಮುಖದಲ್ಲಿ ಸಿಂಹಾಸನವೇರಿದ ಅರಸ, ಇನ್ನೊಂದರಲ್ಲಿ ಮನೆತನದ ಲಾಂಛನವಾದ ಸಿಂಹ. ನಾಣ್ಯದ ಮೇಲೆ ಸಿಂಹವಾದರೂ ಅರಸನ ಬಾಳು ಎರಡು ಆನೆಗಳ ನಡುವೆ ಸಿಕ್ಕಿದ ಬಾಳು: ಒಂದು ಕಡೆ ಹಂಗೇರಿ, ಇನ್ನೊಂದು ಕಡೆ ತುರ್ಕರು. ಶಾಂತಿಯ ಆಸೆಯಿಂದ ಮಗಳು ಮಾರಾಳನ್ನು ಸುಲ್ತಾನ ಎರಡನೆಯ ಮುರಾದನಿಗೆ ಮದುವೆ ಮಾಡಿ ಕೊಟ್ಟನು. ಆದರೂ 1439ರಲ್ಲಿ ಕೋಟೆ ಬಿತ್ತು. 1441ರಲ್ಲಿ ಸೆರೆಯಲ್ಲಿದ್ದ ಇಬ್ಬರು ಗಂಡುಮಕ್ಕಳು ಗ್ರ್ಗುರ್ ಮತ್ತು ಸ್ತೆಫಾನರ ಕಣ್ಣುಗಳನ್ನು ಆ ಅಳಿಯನೇ ಕೀಳಿಸಿದನು. ಸೋದರಿ ಅರಮನೆಯಲ್ಲಿ ರಾಣಿ; ಸೋದರರು ಕುರುಡರು!

1444ರಲ್ಲಿ ಮರಳಿ ದಕ್ಕಿದ ಸ್ಮೆದೆರೆವೊ 1459ರಲ್ಲಿ ಕೊನೆಯ ಬಾರಿ ಬಿತ್ತು. ಕುರುಡ ಸ್ತೆಫಾನನು ಊರೂರು ಅಲೆದು, ಆಲ್ಬೇನಿಯದ ಏಂಜಲಿನಾಳನ್ನು ಕೈಹಿಡಿದು, 1476ರಲ್ಲಿ ಇಟಲಿಯ ನೆಲದಲ್ಲಿ ಕಣ್ಮುಚ್ಚಿದನು. ಆ ತಾಯಿ ಮಾತ್ರ ಎದೆಗುಂದಲಿಲ್ಲ. ಗಂಡನ ಅವಶೇಷವನ್ನು ಹೊತ್ತು, ಇಬ್ಬರು ಗಂಡುಮಕ್ಕಳೊಡನೆ ಗಂಡನ ನಾಡಿನವರ ಭಾಷೆ ಕೇಳಿಬರುವ ಸ್ರೆಮ್ ಸೀಮೆಗೆ ಬಂದಳು. ಕಿರಿಯ ಮಗ ಯೋವಾನ್ 1502ರಲ್ಲಿ ತೀರಿಕೊಂಡನು. ಅವನಿಗೆ ಗಂಡು ಸಂತಾನವಿರಲಿಲ್ಲ. ಹಿರಿಯನು ಮಾಕ್ಸಿಮ್ ಎಂಬ ಹೆಸರಿನಿಂದ ಸಂನ್ಯಾಸಿಯಾಗಿ ಕ್ರುಷೆದೋಲ್ ಮಠವನ್ನು ಕಟ್ಟಿಸಿದನು. ಅಲ್ಲಿಗೆ ವಂಶ ಮುಗಿಯಿತು.

ತಂದೆ, ತಾಯಿ, ಇಬ್ಬರು ಮಕ್ಕಳು, ಈ ನಾಲ್ವರನ್ನೂ ಸರ್ಬಿಯದ ಜನ ಇಂದಿಗೂ ಸಂತರೆಂದು ಪೂಜಿಸುತ್ತಾರೆ. ಅದೇ ಜನರ ಬಾಯಲ್ಲಿ ಆ ಇಬ್ಬರು ಮಕ್ಕಳ ಮುತ್ತಜ್ಜನ ಹೆಸರು ದ್ರೋಹಕ್ಕೆ ಪರ್ಯಾಯ ಪದ. ಹಾಡು ಕಟ್ಟುವವರಿಗೆ ಒಬ್ಬ ದ್ರೋಹಿ ಬೇಕಾಗಿದ್ದನು. ಬದುಕುಳಿದವನು ಕೈಗೆ ಸಿಕ್ಕಿದನು. ಮನೆಯಲ್ಲಿ ಮಕ್ಕಳಿಗೆ ಯಾರದಾದರೂ ಕಥೆ ಹೇಳುವಾಗ ನಾವೂ ಒಂದು ಗಳಿಗೆ ತಡೆದು ಯೋಚಿಸಿದರೆ ಒಳ್ಳೆಯದು.