ಶಾಲೆಯ ಗೋಡೆಯಲ್ಲಿ ಯಾರ ಮುಖ?

ಭಾರತೀಯ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2024ರಲ್ಲಿ ನಮ್ಮ ಶಾಲೆಗಳಿಗೆ ಮಾರ್ಗಸೂಚಿಯೊಂದನ್ನು ನೀಡಿತು. ಸರ್ವಧರ್ಮಗಳನ್ನೂ ಗೌರವಿಸಬೇಕು, ಅನ್ಯಧರ್ಮೀಯ ವಿದ್ಯಾರ್ಥಿಗಳ ಮೇಲೆ ನಮ್ಮ ಆಚರಣೆಗಳನ್ನು ಹೇರಬಾರದು, ಬೆಳಗ್ಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕು ಎಂಬ ಸಲಹೆಗಳೊಂದಿಗೆ, ಸ್ವಾತಂತ್ರ್ಯ ಹೋರಾಟಗಾರರ, ವಿಜ್ಞಾನಿಗಳ, ಕವಿಗಳ ಭಾವಚಿತ್ರಗಳನ್ನು ಶಾಲೆಯಲ್ಲಿ ಇರಿಸಬೇಕೆಂಬುದೂ ಅದರಲ್ಲಿತ್ತು. ಈ ಕೊನೆಯ ಸಲಹೆ ಕಿರಿದೆಂದು ತೋರಬಹುದು. ಆದರೆ ಅದು ಎತ್ತುವ ಪ್ರಶ್ನೆ ಕಿರಿದಲ್ಲ.

ಚಿತ್ರದ ಶಕ್ತಿಯನ್ನು ಮಂಗಳೂರಿಗರಿಗೆ ವಿವರಿಸಬೇಕಾಗಿಲ್ಲ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಚಾವಣಿಗಳನ್ನು ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಚಿತ್ರಗಳಿಂದ ತುಂಬಿದರು. ರೋಮಿನಲ್ಲಿ ಸೋಂಕುಪೀಡಿತರ ಶುಶ್ರೂಷೆ ಮಾಡುತ್ತ 1591ರಲ್ಲಿ, ಕೇವಲ 23ರ ಹರೆಯದಲ್ಲಿ ಮಡಿದ ಯುವಕನ ಬಾಳು ಅಲ್ಲಿ ಬಿಡಿಸಲ್ಪಟ್ಟಿದೆ. ಅದನ್ನು ನೋಡುತ್ತ ಬೆಳೆದವರಲ್ಲಿ ಎಲ್ಲ ಮತದವರೂ ಇದ್ದಾರೆ.

ಚಿತ್ರಕ್ಕೂ ಬಣ್ಣಕ್ಕೂ ಈ ಶಕ್ತಿ ಇರುವುದರಿಂದಲೇ ವಿವಾದವೂ ಹುಟ್ಟುತ್ತದೆ. 2022ರ ನವೆಂಬರಿನಲ್ಲಿ 'ವಿವೇಕ' ಯೋಜನೆಯ 7,601 ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ಪ್ರಸ್ತಾಪ ಚರ್ಚೆಗೆ ಗುರಿಯಾಯಿತು. ಅದೇ ವರ್ಷ ಉಡುಪಿಯಿಂದ ಹಬ್ಬಿದ ಶಿರವಸ್ತ್ರದ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಎರಡರಲ್ಲೂ ಹಿರಿಯರ ಧ್ವನಿ ದೊಡ್ಡದಾಗಿತ್ತು. ಮಕ್ಕಳ ಧ್ವನಿ ಕ್ಷೀಣವಾಗಿತ್ತು.

ಹಾಗಾದರೆ ನಮ್ಮ ಶಾಲೆಗಳು ತಮ್ಮ ಗುರುತನ್ನು ಅಳಿಸಿಕೊಳ್ಳಬೇಕೇ? ಖಂಡಿತ ಇಲ್ಲ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕನ್ನು ನೀಡಿದೆ. ಅತಿಥಿಯನ್ನು ಸತ್ಕರಿಸಲು ಮನೆಯವನು ಮನೆಯನ್ನೇ ತೊರೆಯಬೇಕಾಗಿಲ್ಲ. ಬಂದವನಿಗೆ ಮಣೆ ಹಾಕಿದರೆ ಸಾಕು.

ಆ ಮಣೆ ಎಂಥದಾಗಿರಬೇಕು? ಟೊಪ್ಪಿ, ಕುಂಕುಮ, ಶಿಲುಬೆ ಧರಿಸಿ ಕೈಹಿಡಿದು ನಿಂತ ಮಕ್ಕಳ ಚಿತ್ರವನ್ನು ಅನೇಕ ಶಾಲೆಗಳಲ್ಲಿ ಕಾಣುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ತರ್ಕಶಾಸ್ತ್ರದಲ್ಲಿ ಜಾತಿ ಬೇರೆ, ವ್ಯಕ್ತಿ ಬೇರೆ. ಇಂಥ ಚಿತ್ರವು ಪ್ರತಿ ಮಗುವನ್ನೂ ಒಂದು ಜಾತಿಯ ಮಾದರಿಯನ್ನಾಗಿ ಮಾಡಿಬಿಡುತ್ತದೆ. ದೇವರು ಮಾದರಿಗಳನ್ನು ಸೃಷ್ಟಿಸಲಿಲ್ಲ. ಒಬ್ಬೊಬ್ಬರನ್ನೂ ಹೆಸರಿಡಿದು ಕರೆದನು. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಈ ಊರಲ್ಲಿ ಆ ಸತ್ಯ ಇನ್ನಷ್ಟು ಸ್ಪಷ್ಟ.

ಆದುದರಿಂದ ಎರಡು ಸಲಹೆಗಳು. ಒಂದು, ಭಾವಚಿತ್ರಗಳ ಸಾಲಿನಲ್ಲಿ ನಮ್ಮೂರಿನವರೂ ಇರಲಿ: ಬಹಿಷ್ಕಾರವನ್ನು ಸಹಿಸಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು, 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು, 1894ರಲ್ಲಿ ಇಲ್ಲಿಂದಲೇ ನಿಘಂಟನ್ನು ಹೊರತಂದ ಕಿಟೆಲರು, ಕಿತ್ತಳೆ ಮಾರಿದ ಹಣದಿಂದ ಶಾಲೆ ಕಟ್ಟಲು ಹೊರಟ ಹರೇಕಳ ಹಾಜಬ್ಬರು. ಎರಡು, ಒಂದು ಗೋಡೆಯಾದರೂ ಮಕ್ಕಳಿಗೇ ಇರಲಿ. ಸರಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಕಪ್ಪುಹಲಗೆಯನ್ನು ಮಕ್ಕಳ ಎತ್ತರಕ್ಕೇ ಇಳಿಸಿ ಬಳಿದಿರುತ್ತಾರೆ. ಅಂಥ ಗೋಡೆಯಲ್ಲಿ ಮಗು ತನ್ನನ್ನು ತಾನೇ ಬಿಡಿಸಲಿ.

ಪಾಲಕರಿಗೂ ಒಂದು ಮಾತು. ಗೋಡೆಯ ಮೇಲೆ ಕೈಹಿಡಿದು ನಿಂತವರು ಬುತ್ತಿ ಬಿಚ್ಚುವ ಹೊತ್ತಿಗೆ ದೂರ ದೂರ ಕುಳಿತರೆ, ಆ ದೂರವನ್ನು ಅವರು ಕಲಿತುಬಂದದ್ದು ಶಾಲೆಯಲ್ಲಲ್ಲ, ನಮ್ಮ ಮನೆಗಳ ಊಟದ ಮೇಜಿನಲ್ಲಿ. ಅಲ್ಲಿ ನಾವಾಡುವ ಮಾತು ಶುದ್ಧವಾಗಲಿ; ಗೋಡೆಯ ಬಣ್ಣ ತಾನಾಗಿ ಉಳಿಯುತ್ತದೆ.